ತ್ರಿಕೋನದಲ್ಲಿ ಹಿಡಿಸದ ಬೆಳಕು

ಕ್ಯಾಮೆರಾ ಕೊಂಡ ಹೊಸತರಲ್ಲಿ ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋಗಿದ್ದೆ. ರಂಗಸ್ಥಳದ ಹಿಂದೆ ಗಾಢ ಕತ್ತಲು, ಮುಂದೆ ದೀಪದ ಬೆಳಕಿಗೆ ಹೊಳೆಯುವ ಕಿರೀಟ. ಕಲಿತ ಪಾಠದಂತೆ ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಹೊಂದಿಸಿ, ಬೆಳಕು ಅಳೆಯುವ ಮೀಟರಿನ ಮುಳ್ಳನ್ನು ಸೊನ್ನೆಗೆ ತಂದು ಕ್ಲಿಕ್ಕಿಸಿದೆ. ಐಎಸ್‌ಒ ಏರಿಸಬಾರದೆಂದು ಹೇಳಿಕೊಟ್ಟಿದ್ದರಿಂದ ಅದನ್ನು 400ರ ಮೇಲೆ ಬಿಡಲಿಲ್ಲ. ಮನೆಗೆ ಬಂದು ನೋಡಿದರೆ ಮುಖವರ್ಣಿಕೆಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಗಿರಗಿರನೆ ಧೀಂಗಿಣ ಹೊಡೆಯುತ್ತಿದ್ದ ವೇಷಧಾರಿ ಬರೀ ಬಣ್ಣದ ಮಸುಕಾಗಿದ್ದ. ಪಾಠದ ಪ್ರಕಾರ ಎಲ್ಲವೂ ಸರಿಯಾಗಿತ್ತು, ಚಿತ್ರ ಮಾತ್ರ ಸರಿಯಿರಲಿಲ್ಲ.

ಅಂದಿನಿಂದ ಆ ಪಾಠವನ್ನೇ ಪರೀಕ್ಷಿಸುತ್ತ ಬಂದಿದ್ದೇನೆ. ಛಾಯಾಗ್ರಹಣ ಕಲಿಯಲು ಹೋದವರಿಗೆ ಮೊದಲ ದಿನವೇ ಬರೆದು ತೋರಿಸುವುದು 'ಎಕ್ಸ್‌ಪೋಷರ್ ತ್ರಿಕೋನ'. ಒಂದು ಮೂಲೆಯಲ್ಲಿ ಅಪರ್ಚರ್ ಎಂಬ ಲೆನ್ಸಿನ ಕಿಂಡಿ, ಇನ್ನೊಂದರಲ್ಲಿ ಶಟರ್ ವೇಗ, ಮೂರನೆಯದರಲ್ಲಿ ಐಎಸ್‌ಒ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು.

ಈ ಚಿತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ದುಪ್ಪಟ್ಟು ಮತ್ತು ಅರ್ಧ ಎಂಬ ಸರಳ ಲೆಕ್ಕವನ್ನು ಇದು ಮನಸ್ಸಿನಲ್ಲಿ ನಿಲ್ಲಿಸುತ್ತದೆ. ಎಫ್/4ರಲ್ಲಿ ಸೆಕೆಂಡಿನ 250ನೇ ಒಂದು ಭಾಗ ತೆರೆದರೆ ಬೀಳುವ ಬೆಳಕು, ಎಫ್/5.6ರಲ್ಲಿ 125ನೇ ಒಂದು ಭಾಗ ತೆರೆದರೂ ಅಷ್ಟೇ ಬೀಳುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಎಂದರೆ 25 ಮಿ.ಮೀ. ಅಗಲದ ಕಿಂಡಿ, ಎಫ್/4 ಎಂದರೆ ಹನ್ನೆರಡೂವರೆ. ಅಗಲ ಅರ್ಧವಾದಾಗ ಕಿಂಡಿಯ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆಯಾಗುವುದೇಕೆ ಎಂಬ ಹೊಸಬರ ಗೊಂದಲ ಈ ಒಂದು ಲೆಕ್ಕಕ್ಕೆ ಕರಗಿಹೋಗುತ್ತದೆ.

ಆದರೆ ಮೂರೂ ಮೂಲೆಗಳು ಸಮಾನ ಎನ್ನುವಲ್ಲಿ ತ್ರಿಕೋನ ದಾರಿ ತಪ್ಪಿಸುತ್ತದೆ. ಅಪರ್ಚರ್ ಮತ್ತು ಶಟರ್ ನಿಜವಾಗಿಯೂ ಬೆಳಕನ್ನು ಒಳಗೆ ಬಿಡುತ್ತವೆ ಇಲ್ಲವೆ ತಡೆಯುತ್ತವೆ. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದರೆ ಸೆನ್ಸರಿನ ಮೇಲೆ ಒಂದು ಹನಿ ಬೆಳಕೂ ಹೆಚ್ಚಿಗೆ ಬೀಳುವುದಿಲ್ಲ. ಬಿದ್ದಷ್ಟನ್ನೇ ಹಿಗ್ಗಿಸಿ ತೋರಿಸುವುದು ಅದರ ಕೆಲಸ. ಫಿಲ್ಮಿನ ಕಾಲದಲ್ಲಿ ಅದು ರೀಲಿನ ಗುಣವಾಗಿತ್ತು. 36 ಚಿತ್ರ ಮುಗಿಯುವವರೆಗೆ ಛಾಯಾಗ್ರಾಹಕನ ಕೈಯಲ್ಲಿ ಉಳಿಯುತ್ತಿದ್ದುದು ಎರಡೇ ತಿರುಗಣೆ. ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್‌ಗೆ ಮುಖ್ಯ ಕಾರಣ ಬೆಳಕಿನ ಬಡತನ. ಹೊಸಬರು ಅದನ್ನು ಐಎಸ್‌ಒ ತಲೆಗೆ ಕಟ್ಟುತ್ತಾರೆ, ಅದಕ್ಕೆ ಹೆದರಿ ಶಟರನ್ನು ನಿಧಾನ ಮಾಡುತ್ತಾರೆ, ಕದಲಿದ ಚಿತ್ರದೊಂದಿಗೆ ಮರಳುತ್ತಾರೆ. ಕಾಳು ಬಿದ್ದ ಚಿತ್ರವನ್ನು ನೋಡಬಹುದು, ಕದಲಿದ ಮುಖವನ್ನು ಮತ್ತೆ ನಿಲ್ಲಿಸಲಾಗದು. ಆ ರಾತ್ರಿ ನನ್ನ ವೇಷಧಾರಿ ಕರಗಿಹೋದದ್ದು ಹೀಗೆ.

ಬಿಳಿಚಿದ ಮುಖದ ಕಾರಣ ಬೇರೆ. 'ಮುಳ್ಳು ಸೊನ್ನೆಗೆ ಬಂದರೆ ಎಕ್ಸ್‌ಪೋಷರ್ ಸರಿ' ಎಂಬ ಮಾತು ಈ ಪಾಠದ ದೊಡ್ಡ ದೋಷ. ಸರಾಸರಿ ಅಳೆಯುವ ಮೀಟರಿಗೆ ಮುಖ ಯಾವುದು, ಕತ್ತಲು ಯಾವುದು ತಿಳಿಯದು. ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು ಬಣ್ಣದ್ದೆಂದು ಎಣಿಸಿ ಅದು ಲೆಕ್ಕ ಹಾಕುತ್ತದೆ. ರಂಗಸ್ಥಳದ ಸುತ್ತಲಿನ ಕತ್ತಲನ್ನು ಬೂದು ಮಾಡಹೊರಟಾಗ ಬೆಳಗಿದ ಮುಖ ಸುಟ್ಟುಹೋಗುತ್ತದೆ. ರಂಗನತಿಟ್ಟು ಪಕ್ಷಿಧಾಮದ ಗಾಢ ನೀರಿನ ಮೇಲೆ ಹಾರುವ ಬೆಳ್ಳಕ್ಕಿಯ ಗರಿಗಳೂ ಇದೇ ಕಾರಣಕ್ಕೆ ಅಳಿಸಿಹೋಗುತ್ತವೆ. ಪರಿಹಾರ ಸುಲಭ: ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಇಳಿಸುವುದು, ಇಲ್ಲವೆ ಮುಖದ ಮೇಲಿನ ಬೆಳಕನ್ನಷ್ಟೇ ಅಳೆಯುವುದು. ಆದರೆ ಅದಕ್ಕೆ ಮೊದಲು ಬೆಳಕು ಎಲ್ಲಿದೆ, ಎಷ್ಟಿದೆ ಎಂದು ಕಣ್ಣು ಗುರುತಿಸಬೇಕು. ತ್ರಿಕೋನದಲ್ಲಿ ಬೆಳಕಿಗೇ ಜಾಗವಿಲ್ಲ.

ಹಿಂದಿನವರು ಬೆಳಕಿನಿಂದಲೇ ಶುರುಮಾಡುತ್ತಿದ್ದರು. ಸುಡುಬಿಸಿಲಿದ್ದರೆ ಎಫ್/16 ಇಟ್ಟು, ಫಿಲ್ಮಿನ ವೇಗ 100 ಆದರೆ ಶಟರೂ ಸೆಕೆಂಡಿನ 100ನೇ ಒಂದು ಭಾಗದ ಆಸುಪಾಸು. ಮೋಡ ಕವಿದಂತೆ ಕಿಂಡಿ ಅಗಲಿಸುತ್ತ ಹೋಗುವುದು. ಮೀಟರ್ ಇಲ್ಲದವರೂ ಈ ಒಂದು ಸೂತ್ರದ ಬಲದಿಂದ ಕೆಲಸ ಸಾಗಿಸಿದರು. 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆರ್ನಾಂಡೆಜ್ ಊರಿನ ಮೇಲೆ ಚಂದ್ರ ಏಳುವುದನ್ನು ಕಂಡ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್ ದಾರಿಯಲ್ಲೇ ಕ್ಯಾಮೆರಾ ಹೂಡಿದರು. ಮೀಟರ್ ಕೈಗೆ ಸಿಗಲಿಲ್ಲ. ಸ್ಮಶಾನದ ಶಿಲುಬೆಗಳ ಮೇಲಿನ ಇಳಿಬಿಸಿಲು ಜಾರುತ್ತಿತ್ತು. ಚಂದ್ರನ ಬೆಳಕಿನ ಪ್ರಮಾಣ ಅವರಿಗೆ ನೆನಪಿತ್ತು. ಅದರಿಂದಲೇ ಲೆಕ್ಕ ಕಟ್ಟಿ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಅವರ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದು ಹುಟ್ಟಿದ್ದು ಬೆಳಕಿನ ಆ ತಿಳಿವಳಿಕೆಯಿಂದ.

ಛಾಯಾಗ್ರಹಣದ ಪ್ರಕಾರಗಳ ಪಾಠದಲ್ಲೂ, ನೋಡಲು ಕಲಿಸುವ ಮುನ್ನ ಅಂಕಿ ಕೊಡುವ ಇದೇ ಕೊರತೆಯಿದೆ. ಭಾವಚಿತ್ರಕ್ಕೆ ಎಫ್/1.8, ನಿಸರ್ಗಕ್ಕೆ ಎಫ್/16, ವನ್ಯಜೀವಿಗೆ ಸೆಕೆಂಡಿನ 1000ನೇ ಒಂದು ಭಾಗ ಎಂದು ಪಟ್ಟಿ ಕೊಟ್ಟುಬಿಡುತ್ತಾರೆ. ಹತ್ತಿರದಿಂದ ಎಫ್/1.8ರಲ್ಲಿ ತೆಗೆದರೆ ಒಂದು ಕಣ್ಣು ಚೂಪಾಗಿ ಇನ್ನೊಂದು ಮಸುಕಾಗಬಹುದು. ಕಿಂಡಿ ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಚದುರಿ ಬೆಟ್ಟದ ಚಿತ್ರವೂ ಮೆದುವಾಗುತ್ತದೆ; ಎಷ್ಟೋ ಸಲ ಎಫ್/8 ಸಾಕು. ಇದಕ್ಕಿಂತ ಮುಖ್ಯ ಇನ್ನೊಂದಿದೆ. ಕುಂಬಾರನ ಹಿಂದಿನ ತಿಗರಿಯನ್ನೂ ಹಸಿ ಮಡಕೆಗಳನ್ನೂ ಮಸುಕಿನಲ್ಲಿ ಮುಳುಗಿಸಿದರೆ ಉಳಿಯುವುದು ಯಾರದೋ ಒಂದು ಮುಖ, ಕುಂಬಾರ ಅಲ್ಲಿರುವುದಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಮಕ್ಕಳನ್ನು, ದುಡಿಯುವವರನ್ನು, ಬೀದಿಯ ದಿನನಿತ್ಯದ ಬದುಕನ್ನು ತೆಗೆದ ಚಿತ್ರಗಳನ್ನು ಹೊಸಬರು ನೋಡಬೇಕು. ಅಲ್ಲಿ ಮನುಷ್ಯನ ಜೊತೆಗೆ ಅವನ ಸುತ್ತಲಿನ ಲೋಕವೂ ಇದೆ, ತೆಗೆದವರಿಗೂ ತೆಗೆಸಿಕೊಂಡವರಿಗೂ ನಡುವೆ ವಿಶ್ವಾಸವಿದೆ. ಪ್ರಕಾರವೆಂದರೆ ಎದುರಿನ ಜೀವದೊಂದಿಗೆ ನಾವು ಇಟ್ಟುಕೊಳ್ಳುವ ಸಂಬಂಧ. ಗೂಡಿನಲ್ಲಿ ಮರಿಗಳಿರುವ ಹಕ್ಕಿಯಿಂದ ಎಷ್ಟು ದೂರ ನಿಲ್ಲಬೇಕು, ಅಪರಿಚಿತರ ಮುಖ ತೆಗೆಯುವ ಮುನ್ನ ಹೇಗೆ ಕೇಳಬೇಕು ಎಂಬುದೂ ಮೊದಲ ದಿನದ ಪಾಠವಾಗಬೇಕು.

ಇಂದು ಬಹಳ ಮಂದಿಯ ಮೊದಲ ಕ್ಯಾಮೆರಾ ಮೊಬೈಲು. ಹೆಚ್ಚಿನ ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. ತ್ರಿಕೋನದ ಒಂದು ಮೂಲೆ ಅವರ ಕೈಯಲ್ಲೇ ಇಲ್ಲ. ಆದರೂ ಕಲಿಕೆಗೆ ತೊಂದರೆಯಿಲ್ಲ. ಮನೆಯ ಕಿಟಕಿಯ ಪಕ್ಕ ಒಬ್ಬರನ್ನು ಕೂರಿಸಿ, ಬೆಳಿಗ್ಗೆ, ನಡುಹಗಲು, ಸಂಜೆ ಅದೇ ಮುಖವನ್ನು ತೆಗೆಯಿರಿ. ಪರದೆಯ ಮೇಲೆ ಮುಖವನ್ನು ಮುಟ್ಟಿ, ಬೆರಳು ಜಾರಿಸಿ, ಬೆಳಕನ್ನು ಇಳಿಸಿ ನೋಡಿ. ಕೆನ್ನೆಯ ಮೇಲೆ ನೆರಳು ಎಲ್ಲಿ ತಿರುಗುತ್ತದೆಂಬುದು ಒಂದು ವಾರದಲ್ಲಿ ಕಣ್ಣಿಗೆ ಹತ್ತುತ್ತದೆ. ಆಮೇಲೆ ತ್ರಿಕೋನ ಬರಲಿ. ಏನು ಚೂಪಾಗಿರಬೇಕು ಎಂದು ಅಪರ್ಚರ್ ಕೇಳುತ್ತದೆ, ಏನು ನಿಲ್ಲಬೇಕು ಎಂದು ಶಟರ್ ಕೇಳುತ್ತದೆ. ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೆ ಕೊರತೆ ತುಂಬುವುದಕ್ಕೆ ಐಎಸ್‌ಒ ಇದೆ.

ಮುಂದಿನ ಆಟಕ್ಕೆ ಹೋದಾಗ ಮೊದಲ ಅರ್ಧಗಂಟೆ ಕ್ಯಾಮೆರಾ ಎತ್ತದೆ ದೀಪಗಳನ್ನು ನೋಡಿದೆ. ಬಳಿಕ ಶಟರ್ 500ನೇ ಒಂದು ಭಾಗ, ಎಫ್/2.8, ಐಎಸ್‌ಒ 3200 ಇಟ್ಟು, ಮುಖದ ಬೆಳಕಿಗಷ್ಟೇ ಅಳತೆ ಹೊಂದಿಸಿದೆ. ಚಿತ್ರದಲ್ಲಿ ಕಾಳುಗಳಿದ್ದವು, ಆದರೆ ಬಣ್ಣದೊಳಗಿಂದ ಕಣ್ಣು ನೋಡುತ್ತಿತ್ತು. ಕೊನೆಗೆ ಚೆಂಡೆ ಏರಿದಾಗ ಬೇಕೆಂದೇ ಶಟರನ್ನು 15ನೇ ಒಂದು ಭಾಗಕ್ಕೆ ಇಳಿಸಿದೆ. ವೇಷಧಾರಿ ಮತ್ತೆ ಬಣ್ಣದ ಸುಳಿಯಾದ. ಮೊದಲ ರಾತ್ರಿಯದೂ ಇದೇ ಮಸುಕು, ಆದರೆ ಅದು ನಾನು ಕೇಳದೆ ಬಂದದ್ದು.