ಮೇಕೆದಾಟು: ನಾವು ಮಾತಾಡದ 400 ಮೆಗಾವಾಟ್

ಹಾರೋಹಳ್ಳಿಯ ಬಸ್‌ಸ್ಟ್ಯಾಂಡಿನಿಂದ ವಿಧಾನಸೌಧದವರೆಗೆ ಮೇಕೆದಾಟು ಅಣೆಕಟ್ಟಿನ ಪರವಾದ ವಾದ ಒಂದೇ: ಬೆಂಗಳೂರಿಗೆ ಕುಡಿಯುವ ನೀರು ಬೇಕು, ವ್ಯರ್ಥವಾಗಿ ಸಮುದ್ರ ಸೇರುವ ನೀರನ್ನು ಹಿಡಿದಿಟ್ಟರೆ ತಮಿಳುನಾಡಿಗೇನೂ ನಷ್ಟವಿಲ್ಲ. 2022ರ ಜನವರಿಯಲ್ಲಿ ಸಂಗಮದಿಂದ ಹೊರಟ ಪಾದಯಾತ್ರೆಯೂ ಇದನ್ನೇ ಹೇಳಿತು. ಕಾವೇರಿಯ ಮೇಲೆ ಕರ್ನಾಟಕಕ್ಕಿರುವ ಹಕ್ಕನ್ನು ನಾನು ಒಪ್ಪುತ್ತೇನೆ. ಆದರೆ ಈ ವಾದ ಅರೆಬೆಂದದ್ದು.

ಲೆಕ್ಕವನ್ನೇ ನೋಡಿ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಮೇಕೆದಾಟಿನಲ್ಲಿ ನಾವು ಕಟ್ಟಹೊರಟಿರುವುದು 67.16 ಟಿಎಂಸಿಯ ಜಲಾಶಯ, ಅಂದರೆ ಕೆಆರ್‌ಎಸ್‌ಗಿಂತ ದೊಡ್ಡದು. ಕುಡಿಯುವ ನೀರೊಂದೇ ಗುರಿಯಾದರೆ ಇಷ್ಟು ದೊಡ್ಡ ಒಡಲು ಯಾಕೆ? ನೀರನ್ನು ಬೇಕಾದಾಗ ಬೇಕಾದಷ್ಟು ಬಿಡುವ ಹಿಡಿತಕ್ಕಾಗಿ, ಜೊತೆಗೆ 400 ಮೆಗಾವಾಟ್ ವಿದ್ಯುತ್ತಿಗಾಗಿ. ಇದರಲ್ಲಿ ಮುಚ್ಚಿಡಬೇಕಾದ್ದು ಏನೂ ಇಲ್ಲ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ನೀರು ಹಾರೋಹಳ್ಳಿಯ ಪಂಪ್‌ಹೌಸ್ ದಾಟಿ ಬೆಂಗಳೂರಿನ ಎತ್ತರ ಏರುವುದೇ ಕರೆಂಟಿನ ಬಲದಿಂದ. ನೀರಿನ ಮಾತಿನಿಂದ ವಿದ್ಯುತ್ತನ್ನು ಬೇರ್ಪಡಿಸಿದವರು ನಾವೇ.

ಈ ಜಲಾಶಯ ತನ್ನ ಪಾಲಿನ ನೀರನ್ನು ತಡೆಯುತ್ತದೆ ಎಂಬ ತಮಿಳುನಾಡಿನ ಆಕ್ಷೇಪವೂ ಅಷ್ಟೇ ಅಪೂರ್ಣ. ಟರ್ಬೈನ್ ನೀರು ಕುಡಿಯುವುದಿಲ್ಲ. ಅದನ್ನು ತಿರುಗಿಸಿದ ನೀರು ಗಡಿಯ ಬಿಳಿಗುಂಡ್ಲು ದಾಟಿ ತಮಿಳುನಾಡಿನ ಮೆಟ್ಟೂರಿಗೇ ಹೋಗಬೇಕು. ಆದರೆ ಯಾವಾಗ ಹೋಗಬೇಕು? ಅವರ ಭಯದ ತಿರುಳು ಇದು, ಮತ್ತು ಇದು ಸುಳ್ಳು ಭಯವಲ್ಲ. ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ಜೂನ್‌ಗೆ 9.19, ಜುಲೈಗೆ 31.24 ಟಿಎಂಸಿ ಹರಿಯಬೇಕು. ತಂಜಾವೂರಿನ ಕುರುವೈ ಭತ್ತ ಅದನ್ನೇ ನಂಬಿದೆ. ವಿದ್ಯುತ್ತಿನ ಬೇಡಿಕೆಗೆ ಬೇರೆಯೇ ಪಂಚಾಂಗವಿದೆ. ಬರದ ವರ್ಷ ಗೇಟು ಯಾರ ಮಾತು ಕೇಳುತ್ತದೆ? ಇಥಿಯೋಪಿಯ ನೀಲಿ ನೈಲ್ ಮೇಲೆ ಕಟ್ಟಿದ ಅಣೆಕಟ್ಟಿನ ಬಗ್ಗೆ ಈಜಿಪ್ಟ್ ಎತ್ತಿದ್ದೂ ಇದೇ ಪ್ರಶ್ನೆ. ‘ನಷ್ಟವಿಲ್ಲ’ ಎಂದಷ್ಟೇ ಹೇಳಿದರೆ ಇದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ.

ಉತ್ತರ ಇಲ್ಲದಿಲ್ಲ. 1964ರಲ್ಲಿ ಜಾರಿಗೆ ಬಂದ ಕೊಲಂಬಿಯಾ ನದಿ ಒಪ್ಪಂದದಲ್ಲಿ ನದಿಯ ಮೇಲ್ಭಾಗದ ಕೆನಡಾ ನೀರು ಸಂಗ್ರಹಿಸಿತು; ಅದರಿಂದ ಅಮೆರಿಕದ ವಿದ್ಯುದಾಗಾರಗಳಿಗಾದ ಹೆಚ್ಚುವರಿ ಲಾಭದಲ್ಲಿ ಅರ್ಧ ಪಾಲು ಕೆನಡಾಕ್ಕೆ ಸಂದಿತು. ನಮ್ಮಲ್ಲೂ ಶಿವನಸಮುದ್ರ, ಮೇಕೆದಾಟು, ರಾಶಿಮಣಲ್, ಹೊಗೇನಕಲ್‌ಗಳಲ್ಲಿ ಕೇಂದ್ರದ ಎನ್‌ಎಚ್‌ಪಿಸಿಯೇ ವಿದ್ಯುತ್ ಉತ್ಪಾದಿಸಿ ಎರಡೂ ರಾಜ್ಯಗಳಿಗೆ ಹಂಚುವ ಪ್ರಸ್ತಾಪವಿತ್ತು; ಒಮ್ಮತವಿಲ್ಲದೆ ಬಿದ್ದುಹೋಯಿತು. ಇನ್ನೂ ಹಿಂದೆ, ಮೈಸೂರು-ಮದ್ರಾಸುಗಳ ವರ್ಷಗಟ್ಟಲೆಯ ಜಗಳದ ನಂತರ 1924ರ ಒಪ್ಪಂದ ಕೆಆರ್‌ಎಸ್ ಮತ್ತು ಮೆಟ್ಟೂರು ಎರಡಕ್ಕೂ ದಾರಿ ಮಾಡಿತು. ಆ ಒಪ್ಪಂದ ಮೈಸೂರಿನ ಮೇಲೆ ಹೇರಿದ್ದೆಂದು ನಮ್ಮವರು ದೂರುವುದು ನ್ಯಾಯವೇ. ಆದರೂ ಕೆಳಗಿನವರಿಗೂ ಏನಾದರೂ ಸಿಕ್ಕಾಗಲೇ ಮೇಲಿನ ಕಟ್ಟೆ ಎದ್ದಿತು ಎಂಬುದು ಉಳಿಯುತ್ತದೆ.

ಇನ್ನು ಕಾಡಿನ ಮಾತು: ಮೇಕೆದಾಟು ಜಲಾಶಯದಲ್ಲಿ ಮುಳುಗುವ ಸುಮಾರು 5,000 ಹೆಕ್ಟೇರಿನಲ್ಲಿ ಹೆಚ್ಚಿನ ಪಾಲು ಕಾವೇರಿ ವನ್ಯಧಾಮ ಮತ್ತು ಮೀಸಲು ಅರಣ್ಯ. ಅಷ್ಟು ಕಾಡನ್ನು ಕಳೆದುಕೊಳ್ಳುವುದಾದರೆ ಅದರಿಂದ ಬರುವುದೇನು ಎಂಬುದನ್ನಾದರೂ ಪೂರ್ತಿ ಹೇಳಬೇಕು.

ಯೋಜನೆಯ ವಿರುದ್ಧ ತಮಿಳುನಾಡು ಸಲ್ಲಿಸಿದ್ದ ಅರ್ಜಿ ಅಕಾಲಿಕವೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದನ್ನು ಗೆಲುವೆಂದು ಸಂಭ್ರಮಿಸುವ ನಾಯಕರಲ್ಲಿ ನನ್ನದೊಂದು ಕೇಳಿಕೆ: ವಿವರವಾದ ಯೋಜನಾ ವರದಿಯಲ್ಲಿ ತಮಿಳುನಾಡಿಗೆ ಕೊಡುವ ವಿದ್ಯುತ್ ಪಾಲನ್ನೂ, ಬರದ ವರ್ಷದಲ್ಲಿ ಗೇಟು ತೆರೆಯುವ ವೇಳಾಪಟ್ಟಿಯನ್ನೂ ಈಗಲೇ ಬರೆದು ಕಾವೇರಿ ನಿರ್ವಹಣಾ ಪ್ರಾಧಿಕಾರದ ಮುಂದಿಡಿ.