ವಾಲಿಗೆ ಎದುರುತ್ತರ

ಇಬೆಲಿನ್ ಆ ಲೋಕಕ್ಕೆ ಬಂದವನೇ ಮೊದಲು ಓಡುತ್ತಿದ್ದ. ಒಂದು ಸುತ್ತು ಓಡಿ ಬಂದ ಮೇಲೆಯೇ ಮಾತು, ತಮಾಷೆ, ಜಗಳ. ಗಟ್ಟಿಮುಟ್ಟಾದ ಆಳು, ವೃತ್ತಿಯಲ್ಲಿ ಪತ್ತೇದಾರ, ಹೆಣ್ಣುಮಕ್ಕಳ ಮುಂದೆ ಮಾತು ಒಂದಿಷ್ಟು ಹೆಚ್ಚೇ ಸಿಹಿ. ಅವನನ್ನು ಓಡಿಸುತ್ತಿದ್ದವನು ನಾರ್ವೆಯ ಮಾಟ್ಸ್ ಸ್ಟೇನ್. ಕೊನೆಯ ವರ್ಷಗಳಲ್ಲಿ ಮಾಟ್ಸ್‌ನ ಮೈಯಲ್ಲಿ ಹೇಳಿದ ಮಾತು ಕೇಳುತ್ತಿದ್ದುದು ಬೆರಳುಗಳು ಮಾತ್ರ.

1989ರಲ್ಲಿ ಹುಟ್ಟಿದ ಮಾಟ್ಸ್‌ಗೆ ಇದ್ದದ್ದು ಡುಶೆನ್ ಸ್ನಾಯುಕ್ಷಯ. ಸ್ನಾಯುಗಳನ್ನು ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಮೈಯಲ್ಲಿ ತಯಾರಾಗದೆ ಬರುವ ಕಾಯಿಲೆ ಇದು. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಮೊದಲು ಕಾಲು ಸೋಲುತ್ತದೆ, ಆಮೇಲೆ ಕೈ, ಕೊನೆಗೆ ಉಸಿರು ಮತ್ತು ಹೃದಯ. 2014ರ ನವೆಂಬರ್ 18ರಂದು, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಕೊನೆಯ ಹತ್ತು ವರ್ಷಗಳಲ್ಲಿ ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಕಳೆದದ್ದು 15ರಿಂದ 20 ಸಾವಿರ ಗಂಟೆ. ಗೆಳೆತನ, ಪ್ರೀತಿ ಯಾವುದನ್ನೂ ಕಾಣದೆ ಮಗ ಹೋದನಲ್ಲ ಎಂದು ಹೆತ್ತವರು ಮರುಗಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಬರೆದು, ಕೆಳಗೆ ಒಂದು ಇಮೇಲ್ ವಿಳಾಸ ಹಾಕಿದರು. ಯುರೋಪಿನ ಮೂಲೆಮೂಲೆಯಿಂದ ಪತ್ರಗಳು ಬರತೊಡಗಿದವು. ಆಟದೊಳಗಿನ ‘ಸ್ಟಾರ್‌ಲೈಟ್’ ಎಂಬ ಬಳಗದಿಂದ ಐವರು ಅಂತ್ಯಕ್ರಿಯೆಗೇ ಬಂದರು. ದೂರದಿಂದ ಬರಬೇಕಾದವರ ದಾರಿಖರ್ಚಿಗೆ ಬಳಗವೇ ಹಣ ಕೂಡಿಸಿತ್ತು.

ಬೆಂಜಮಿನ್ ರೀ ನಿರ್ದೇಶಿಸಿದ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಸಾಕ್ಷ್ಯಚಿತ್ರ ಹೇಳುವುದು ಈ ಕತೆಯನ್ನು. 2024ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಗೆದ್ದು, ಅದೇ ವರ್ಷದ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ನಾನು ನೋಡಿದ್ದು ಪಣಜಿಯ ಬಾಡಿಗೆ ಮನೆಯಲ್ಲಿ, ಮಳೆಗೆ ಕರೆಂಟು ಎರಡು ಸಲ ಹೋಗಿ ಬಂದ ರಾತ್ರಿ. ಅತ್ತೆನೋ ಎಂದರೆ ಅತ್ತೆ. ಆದರೆ ಕಣ್ಣೀರು ವಿಮರ್ಶೆಯಲ್ಲ. ಮರುದಿನ ಚಹಾ ಕುಡಿಯುತ್ತ ಕೂತಾಗ ಒಂದು ತಕರಾರು ತಲೆಯೆತ್ತಿತು: ಈ ನಿರ್ದೇಶಕ ತಾಳಮದ್ದಳೆಯನ್ನು ಹಿಡಿದು ಆಟ ಮಾಡಿಬಿಟ್ಟಿದ್ದಾನೆ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ಆಟದಲ್ಲಿ ಬಣ್ಣ, ಕಿರೀಟ, ಕುಣಿತ ಎಲ್ಲ ಉಂಟು. ತಾಳಮದ್ದಳೆಯಲ್ಲಿ ಅದೊಂದೂ ಇಲ್ಲ. ಭಾಗವತರು ಪದ ಹೇಳುತ್ತಾರೆ; ಪಂಚೆ ಉಟ್ಟು ಎದುರುಬದುರು ಕೂತವರು ಆ ಪದಕ್ಕೆ ಆ ಕ್ಷಣಕ್ಕೆ ಹೊಳೆದ ಅರ್ಥ ಹೇಳುತ್ತಾರೆ. ವಕೀಲ, ಮೇಷ್ಟ್ರು, ಅಡಿಕೆ ತೋಟದವರು, ಹೀಗೆ ಹವ್ಯಾಸಿಗಳೇ ಅದರಲ್ಲಿ ಜಾಸ್ತಿ. ಕೂತಲ್ಲಿಂದ ಏಳದೆ ಒಬ್ಬ ಸಮುದ್ರ ಹಾರುತ್ತಾನೆ, ಇನ್ನೊಬ್ಬ ಸಾಮ್ರಾಜ್ಯ ಕಳೆದುಕೊಳ್ಳುತ್ತಾನೆ. ಮೈಗೆ ಅಲ್ಲಿ ಕೆಲಸವಿಲ್ಲ. ಮಾಟ್ಸ್ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಸ್ಟಾರ್‌ಲೈಟ್ ಬಳಗದವರು ರಾಕ್ಷಸರನ್ನು ಕೊಂದು ಅಂಕ ಗಳಿಸುವುದಕ್ಕಿಂತ ಪಾತ್ರ ಕಟ್ಟಿ, ಸಾಲು ಸಾಲಾಗಿ ಬರೆದು, ಮಾತಿಗೆ ಮಾತು ಕೊಡುವುದರಲ್ಲಿ ಸುಖ ಕಂಡವರು. ಅವನ ಧ್ವನಿ ಯಾರೂ ಕೇಳಿರಲಿಲ್ಲ, ಮುಖ ಯಾರೂ ನೋಡಿರಲಿಲ್ಲ. ಬರೆದ ಮಾತೊಂದೇ ಅವನು. 2020ರ ಲಾಕ್‌ಡೌನಿನಲ್ಲಿ ನಮ್ಮ ಅರ್ಥಧಾರಿಗಳು ತಮ್ಮ ತಮ್ಮ ಮನೆಯಲ್ಲಿ ಕೂತು ಮೊಬೈಲಿನ ಮುಂದೆ ಅರ್ಥ ಹೇಳಿದಾಗ ನಾವು ನಕ್ಕಿದ್ದೆವು. ಮಾಟ್ಸ್ ಅದನ್ನು ವರ್ಷಗಟ್ಟಲೆ ಮಾಡಿದ್ದ.

ಆ ಮಾತುಗಳೆಲ್ಲ ಉಳಿದಿದ್ದವು, ಸುಮಾರು 42 ಸಾವಿರ ಪುಟ! ಚಿತ್ರದ ದೊಡ್ಡ ಸಾಧನೆ ಈ ದಾಖಲೆಯಿಂದ ಒಂದು ಬದುಕನ್ನು ಮರಳಿ ಕಟ್ಟಿದ್ದು. ದೊಡ್ಡ ಸೋಲೂ ಅಲ್ಲೇ ಇದೆ. ಪುಟಗಳಲ್ಲಿದ್ದ ಮಾತನ್ನು ಆನಿಮೇಷನ್ ಮಾಡಿ, ನಟರ ಧ್ವನಿ ಕೊಟ್ಟು, ಬೆಟ್ಟದ ಮೇಲೆ ಸಂಜೆಯ ಬೆಳಕು ಹರಡಿ ತೋರಿಸುತ್ತಾರೆ. ಇಬೆಲಿನ್ ಒಬ್ಬ ಹುಡುಗಿಯನ್ನು ಅಪ್ಪಿಕೊಂಡರೆ ನಮಗೆ ಕಾಣುವುದು ಎರಡು ಮೈಗಳ ಅಪ್ಪುಗೆ. ನಿಜದಲ್ಲಿ ಆದದ್ದು ಬೇರೆ: ಒಬ್ಬ ‘ಅಪ್ಪಿಕೊಂಡ’ ಎಂದು ಬರೆದ, ಇನ್ನೊಂದು ದೇಶದಲ್ಲಿ ಒಬ್ಬಳು ಅದನ್ನು ಓದಿದಳು. ಆ ನಡುವಿನ ಕಾಯುವಿಕೆ, ಅಕ್ಷರ ತಪ್ಪು, ಅಳಿಸಿ ಬರೆದದ್ದು ಎಲ್ಲವನ್ನೂ ಚಿತ್ರ ಇಸ್ತ್ರಿ ಹಾಕಿ ನೀಟು ಮಾಡಿಬಿಟ್ಟಿದೆ. ಬಣ್ಣ ಹಚ್ಚದೆ ಗೆದ್ದವನ ಮುಖಕ್ಕೆ ಸತ್ತ ಮೇಲೆ ಬಣ್ಣ ಹಚ್ಚಿದ ಹಾಗೆ ನನಗೆ ಅನಿಸಿತು.

ಆದರೂ ಚಿತ್ರದ ನಡುಭಾಗಕ್ಕೆ ಕೈಮುಗಿಯುತ್ತೇನೆ. ಅಲ್ಲಿ ಮಾಟ್ಸ್ ಸಂತನಲ್ಲ. ಕಾಯಿಲೆಯನ್ನು ಬಚ್ಚಿಡುತ್ತಾನೆ, ಧ್ವನಿಯಲ್ಲಿ ಮಾತಾಡೋಣ ಎಂದರೆ ನುಣುಚಿಕೊಳ್ಳುತ್ತಾನೆ, ಹತ್ತಿರ ಬಂದವರನ್ನು ಚುಚ್ಚುತ್ತಾನೆ. ಬಳಗದವರು ಅವನ ಮೇಲೆ ಸಿಟ್ಟಾಗುತ್ತಾರೆ, ತಪ್ಪನ್ನು ಮುಖಕ್ಕೆ ಹೇಳುತ್ತಾರೆ, ಕೆಲವರು ದೂರವೂ ಸರಿಯುತ್ತಾರೆ. ಇನ್ನೊಂದು ಕಡೆ ಅವನಿಂದ ಪಡೆಯುತ್ತಲೂ ಇರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಒಬ್ಬ ಹುಡುಗಿಯ ಕಂಪ್ಯೂಟರನ್ನು ಹೆತ್ತವರು ಕಿತ್ತುಕೊಂಡಾಗ ಅವರಿಗೆ ತಿಳಿಹೇಳಿ ಕಾಗದ ಬರೆದವನು ಇವನು. ಮಗನನ್ನು ಮುಟ್ಟಲು ಆಗದೆ ಒದ್ದಾಡುತ್ತಿದ್ದ ಡೆನ್ಮಾರ್ಕಿನ ಒಬ್ಬ ತಾಯಿಗೆ, ಆಟದೊಳಗೆ ಬಂದು ಮಗನನ್ನು ಭೇಟಿಯಾಗು ಎಂದು ದಾರಿ ತೋರಿಸಿದವನೂ ಇವನೇ. ಕಾಯಿಲೆಯ ವಿಷಯ ಹೊರಬಿದ್ದದ್ದು 2013ರಲ್ಲಿ. ಅಷ್ಟರೊಳಗೆ ಅವನು ಅವರಿಗೆ ರೋಗಿಯಾಗುವ ಸಾಧ್ಯತೆಯೇ ಮುಗಿದುಹೋಗಿತ್ತು.

ವಾಲಿವಧೆಯ ನೆನಪಾಗುವುದು ಇಲ್ಲಿ. ಬಾಣ ಎದೆಗೆ ನಟ್ಟ ಮೇಲೆಯೇ ವಾಲಿಯ ಮಾತಿಗೆ ಕಾವು ಏರುವುದು. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಹಿಡಿದು ನಿಲ್ಲಿಸುತ್ತಾನೆ. ರಾಮನ ಅರ್ಥ ಹೇಳುವವರು, ಪಾಪ ಸಾಯುತ್ತಿದ್ದಾನೆ ಎಂದು ಬಿಟ್ಟುಕೊಟ್ಟರೆ ಪ್ರಸಂಗ ಅಲ್ಲಿಗೆ ಸತ್ತಂತೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಗೆ ಕೂತಾಗ ಎದುರಿನವರು ಬೆವರುತ್ತ ಉತ್ತರ ಕೊಡಲೇಬೇಕಿತ್ತು. ವಾಲಿಗೆ ಸಲ್ಲುವ ಗೌರವ ಆ ಎದುರುತ್ತರ.

ನಮ್ಮ ಹವ್ಯಾಸಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುವುದು ಇದರ ಉಲ್ಟಾ. ನಿನ್ನೆಯವರೆಗೆ ಕರ್ಣನ ದಾನದ ಬಗ್ಗೆ ಹಟ ಹಿಡಿದು ವಾದಿಸುತ್ತಿದ್ದವನಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನ ಗುಂಪು ತಣ್ಣಗಾಗುತ್ತದೆ. ಕೈಮುಗಿದ ಚಿತ್ರಗಳು, ಬೇಗ ಗುಣವಾಗಲಿ, ಹಣ ಕಳಿಸಲು ಒಂದು ಕ್ಯೂಆರ್ ಕೋಡ್. ಆಮೇಲೆ ಅವನು ಏನೇ ಬರೆದರೂ ಎಲ್ಲರೂ ಹೌದು ಹೌದು ಎನ್ನುತ್ತಾರೆ. ಕೊನೆಗೊಂದು ದಿನ ಸಹಾಯಾರ್ಥ ಪ್ರದರ್ಶನ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ. ಆ ಶಾಲು ಹೊದಿಸಿದಲ್ಲಿಗೆ ಅವನ ಅರ್ಥ ಮುಗಿಯಿತು.

ಕ್ಯೂಆರ್ ಕೋಡನ್ನು ಹೀಗಳೆಯುತ್ತಿಲ್ಲ. 1975ರಿಂದ ಇರುವ ಉಡುಪಿಯ ಯಕ್ಷಗಾನ ಕಲಾರಂಗ, 2015ರಲ್ಲಿ ಹುಟ್ಟಿದ ಮಂಗಳೂರಿನ ಪಟ್ಲ ಫೌಂಡೇಶನ್ ಇಲ್ಲದಿದ್ದರೆ ಎಷ್ಟೋ ಕಲಾವಿದರ ಮನೆಯ ಒಲೆ ಆರುತ್ತಿತ್ತು. ಕಾರವಾರದಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಬರುವವರಿಗೂ ಹಣದ ಬೆಲೆ ಗೊತ್ತು. ಹೊರರಾಜ್ಯದ ರೋಗಿಗಳಿಗೆ ಅಲ್ಲಿ 2018ರಲ್ಲಿ ಶುಲ್ಕ ಶುರುವಾಯಿತು. ಚಿತ್ರದ ಮೇಲೆ ನನ್ನ ಎರಡನೆಯ ತಕರಾರು ಹುಟ್ಟುವುದು ಇಲ್ಲೇ. ಮಾಟ್ಸ್‌ಗೆ ತನ್ನದೇ ಕೋಣೆಗಳಿದ್ದವು, ಆರೈಕೆಗೆ ಆಳುಗಳಿದ್ದರು, ಬೆರಳಿಗೆ ಹೊಂದುವ ಸಲಕರಣೆ ಇತ್ತು. ಬಳಗ ಅವನೊಡನೆ ಬರೀ ಆಡಿಕೊಂಡಿರಲು ಸಾಧ್ಯವಾದದ್ದು ಹಣದ ಚಿಂತೆ ಇನ್ನೆಲ್ಲೋ ತೀರಿದ್ದರಿಂದ. ಚಿತ್ರ ಇದನ್ನು ಗೋಡೆಯ ಬಣ್ಣದಂತೆ ತೋರಿಸಿ ಮುಂದೆ ಹೋಗುತ್ತದೆ. ರಾತ್ರಿ ಅವನ ಮಗ್ಗುಲು ಬದಲಿಸಿದವರಿಗೂ ಒಂದು ದೃಶ್ಯ ಸಲ್ಲಬೇಕಿತ್ತು.

ಬಚ್ಚಿಡುವುದರ ಬಗ್ಗೆ ಗೋವಾದವರಿಗೆ ತಮ್ಮದೇ ನೆನಪುಂಟು. ಆಗಿನ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಅವರ ಕಾಯಿಲೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಸರ್ಕಾರ ಬಾಯಿಬಿಟ್ಟದ್ದು 2018ರ ಅಕ್ಟೋಬರಿನಲ್ಲಿ, ತಿಂಗಳುಗಟ್ಟಲೆ ಗುಸುಗುಸು ಆದ ಮೇಲೆ. 2019ರ ಜನವರಿಯಲ್ಲಿ ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಅವರು ಬಜೆಟ್ ಓದಿದರು. ಅದನ್ನು ಕೆಲವರು ಛಲ ಎಂದರು, ಕೆಲವರು ಹಟ ಎಂದರು. ನನಗೆ ಕಂಡದ್ದು ಶಾಲು ಬೇಡ ಎಂದು ಕೂತ ಒಬ್ಬ ಅರ್ಥಧಾರಿ. ಪದವಿಯ ಲೆಕ್ಕಾಚಾರ ಬೇರೆ, ಅದು ಇರಲಿ.

ಇದೇ ಗೋವಾದಲ್ಲಿ 2024ರ ಮೇ 31ರಂದು ಬಾಂಬೆ ಹೈಕೋರ್ಟಿನ ಗೋವಾ ಪೀಠದ ನ್ಯಾಯಮೂರ್ತಿ ಎಂ. ಎಸ್. ಸೋನಕ್ ತಮ್ಮ ‘ಲಿವಿಂಗ್ ವಿಲ್’ ನೋಂದಾಯಿಸಿದರು. ಗುಣವಾಗದ ಕಾಯಿಲೆ ಬಂದು ಮಾತು ನಿಂತರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ ಅದು. ಸುಪ್ರೀಂ ಕೋರ್ಟ್ ಇದಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸಲೀಸು ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಚಿತ್ರ ನೋಡಿದ ವಾರವೇ ನಾನೂ ಒಂದು ಕರಡು ಬರೆಯಲು ಕೂತೆ. ಮಾಟ್ಸ್‌ನ ಬ್ಲಾಗಿಗೆ ಹೋಗುವ ದಾರಿ ಅಪ್ಪನಿಗೆ ಸಿಗದೇ ಇದ್ದಿದ್ದರೆ ಆ ಐವರು ಬರುತ್ತಲೇ ಇರಲಿಲ್ಲ, ಮಗ ಒಂಟಿಯಾಗಿ ಸತ್ತ ಎಂಬ ಕೊರಗಿನಲ್ಲೇ ಹೆತ್ತವರು ಉಳಿಯುತ್ತಿದ್ದರು ಎಂಬ ಯೋಚನೆ ಬಿಟ್ಟಿರಲಿಲ್ಲ.

ಪತ್ರದಲ್ಲಿ ಹೆಸರಿಸಬೇಕಾದ್ದು ಪೋಷಕನನ್ನು ಅಥವಾ ಹತ್ತಿರದ ಸಂಬಂಧಿಯನ್ನು. ಹೆಂಡತಿಯ ಹೆಸರು ಬರೆದೆ. ವಾರಕ್ಕೊಮ್ಮೆ ಫೋನಿನಲ್ಲಿ ತಾಳಮದ್ದಳೆಗೆ ಕೂಡಿ ನನ್ನ ಸುಗ್ರೀವನ ಚರ್ಮ ಸುಲಿಯುವ ಆರು ಮಂದಿಗೆ ಅದರಲ್ಲಿ ಜಾಗವಿಲ್ಲ. ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರ ನಂಬರುಗಳನ್ನೂ ನನ್ನ ಮೊಬೈಲಿನ ಲಾಕನ್ನೂ ಬರೆದಿಟ್ಟೆ. ಕೆಳಗೆ ಒಂದು ಸಾಲು: ಶಾಲು ತರಬೇಡಿ.