ಹಿತ್ತಲಿನ ಪರವಾಗಿ ಹರಿಹರನ ಸಾಕ್ಷಿ

ಫಲಪುಷ್ಪ ಪ್ರದರ್ಶನವೊಂದರ ಬಹುಮಾನ ವಿತರಣೆಯಲ್ಲಿ ತೀರ್ಪುಗಾರರೊಬ್ಬರು ಮೈಕಿನಲ್ಲಿ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಜನ ಕಷ್ಟಜೀವಿಗಳಂತೆ, ಒಳ್ಳೆಯವರಂತೆ, ಆದರೆ ಉದ್ಯಾನದ ಅಭಿರುಚಿ ಮಾತ್ರ ಅವರಿಗೆ ಒಲಿದಿಲ್ಲವಂತೆ. ಹಿತ್ತಲಲ್ಲಿ ಏನು ಹುಟ್ಟಿತೋ ಅದನ್ನು ಹಾಗೇ ಬಿಟ್ಟುಬಿಡುತ್ತಾರಂತೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ತಟ್ಟಿದವರು ನಮ್ಮವರೇ. ಮುಂದಿನ ಸಾಲಿನಲ್ಲಿ ಕೂತವರಂತೂ ತಲೆಯಾಡಿಸಿ ಒಪ್ಪಿದರು.

ಒಬ್ಬರ ಬಾಯಿತಪ್ಪಿನ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇದು ಹಳೆಯ ತೀರ್ಪು. ಹಸಿರೆಂದರೆ ಮಲೆನಾಡು, ಸೊಗಸೆಂದರೆ ಮೈಸೂರು, ಬಳ್ಳಾರಿ ಸೀಮೆ ಎಂದರೆ ಬಿಸಿಲು, ಬಂಡೆ, ಅದಿರಿನ ಧೂಳು. ನಮ್ಮ ಮೇಷ್ಟ್ರುಗಳೂ ಇದನ್ನೇ ಪಾಠ ಮಾಡಿದರು, ನಾವೂ ಪರೀಕ್ಷೆಯಲ್ಲಿ ಬರೆದು ಪಾಸಾದೆವು. ಯಾರಾದರೂ ಎದ್ದುನಿಂತು ‘ಹೂವಿನ ಹಡಗಲಿ ಇಲ್ಲವೇ?’ ಎಂದರೆ ಉತ್ತರವೂ ಸಿದ್ಧವಾಗಿರುತ್ತದೆ: ಅದು ಬೇಸಾಯ, ಉದ್ಯಾನವಲ್ಲ. ಈ ಒಂದು ವಿಷಯದಲ್ಲಿ ನಾನು ತೀರ್ಪುಗಾರರ ಕಡೆಗೇ ಇದ್ದೇನೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಸಾಲಿನಲ್ಲಿ ಅದು ಕೂತಿದೆ, ಸಂತೋಷ. ಆದರೆ ಸಾಲು ಹಿಡಿದು ನೆಟ್ಟು, ನಸುಕಿನಲ್ಲೇ ಬಿಡಿಸಿ ಬಸ್ಸಿಗೆ ಹಾಕುವ ಮೊಗ್ಗಿನ ಲೆಕ್ಕವೇ ಬೇರೆ. ನಾನು ವಾದಿಸಬೇಕೆಂದಿರುವುದು ಮಾರಾಟಕ್ಕಿಲ್ಲದ, ಬಹುಮಾನಕ್ಕಿಲ್ಲದ, ಹಾದಿಹೋಕರ ಕಣ್ಣಿಗೂ ಬೀಳದ ಹಿತ್ತಲುಗಳ ಪರವಾಗಿ.

ಕೂಡ್ಲಿಗಿ ತಾಲ್ಲೂಕಿನಲ್ಲಿ ನಮ್ಮ ಸೋದರತ್ತೆಯ ಮಾಳಿಗೆ ಮನೆ ಇದೆ. ಅದರ ಬಚ್ಚಲ ನೀರು ಗೋಡೆಯ ತೂತಿನಿಂದ ಹೊರಬಿದ್ದು ಮೊದಲು ಬಾಳೆಯ ಬುಡಕ್ಕೆ ಹೋಗುತ್ತದೆ. ಬಾಳೆ ಕುಡಿದು ಮಿಕ್ಕಿದ್ದು ಕೆಸುವಿನ ಎಲೆಗೆ, ಅಲ್ಲಿಂದ ಸೋರಿದ್ದು ಕರಿಬೇವಿಗೆ. ದುಂಡುಮಲ್ಲಿಗೆ ನುಗ್ಗೆಯ ಮರವನ್ನು ಹತ್ತಿದೆ. ಹೀರೆಬಳ್ಳಿಗೆ ಹಳೆಯ ಟೀವಿ ಆಂಟೆನಾ ಸಾಕಾಗಿದೆ. ಒಡಕು ಬಿಂದಿಗೆಯಲ್ಲಿ ದೊಡ್ಡಪತ್ರೆ, ಬೇಲಿಯ ಮೇಲೆ ತೊಂಡೆ, ಎರಡು ಬಂಡೆಗಳ ನಡುವೆ ತಾನಾಗಿ ಎದ್ದ ಸಂಜೆಮಲ್ಲಿಗೆ. ನೀರು ತಲುಪದ ಕೊನೆಯಲ್ಲಿ ಕಣಗಿಲೆ, ಅದರಾಚೆ ಕಳ್ಳಿ. ಈ ಕ್ರಮವನ್ನು ಯಾರೂ ಕಾಗದದ ಮೇಲೆ ಬರೆದಿಲ್ಲ. ನೀರು ಎಲ್ಲೆಲ್ಲಿ ಎಷ್ಟೆಷ್ಟು ಹೋಗುತ್ತದೋ ಅದೇ ಇಲ್ಲಿನ ನಕ್ಷೆ. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ ಬೀಳುವ, ಕೆಲವು ವರ್ಷ ಅದೂ ಕೈಕೊಡುವ ಸೀಮೆಯಲ್ಲಿ ಸ್ನಾನದ ನೀರಿನಲ್ಲಿ ಹೂ ಅರಳಿಸುವುದಕ್ಕೆ ಅಭಿರುಚಿ ಬೇಡವೇ? ಒಮ್ಮೆ ನಾನು ಹುರುಪಿಗೆ ಬಿದ್ದು ದಾರಿಗಡ್ಡವಾದ ತುಂಬೆಗಿಡಗಳನ್ನು ಕೀಳಹೊರಟೆ. ‘ಅದನ್ಯಾಕ ಕೀಳ್ತಿಯೋ, ಸೋಮವಾರ ಈಶ್ವರಗ ಏನ್ ಏರಿಸ್ಲಿ?’ ಎಂದಳು ಅತ್ತೆ. ದಾರಿಯಲ್ಲಿ ನಿಂತ ತುಂಬೆಗೂ ವಾರದಲ್ಲಿ ಒಂದು ದಿನ ಕೆಲಸವಿತ್ತು.

ಇದಕ್ಕೆ ಎದುರಾಗಿ ನಿಂತದ್ದು ಲಾಲ್‌ಬಾಗಿನ ಪಂಥ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆ, ಗಣರಾಜ್ಯೋತ್ಸವಕ್ಕೊಂದು ಸ್ವಾತಂತ್ರ್ಯೋತ್ಸವಕ್ಕೊಂದು ಪ್ರದರ್ಶನ, ರಾಶಿ ಹೂ ಜೋಡಿಸಿ ಮಾಡಿದ ಕಟ್ಟಡದ ಪ್ರತಿಕೃತಿ. ಈಗ ಜಿಲ್ಲೆಗೊಂದು ಪ್ರದರ್ಶನ ಅದೇ ಅಚ್ಚಿನಲ್ಲಿ ನಡೆಯುತ್ತದೆ. ಈ ಪಂಥದ ದೊಡ್ಡ ಹೆಸರು ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಕಡೆಯವನು, ಲಂಡನ್ನಿನ ಹೈಡ್ ಪಾರ್ಕಿನ ಹೂಮಡಿಗಳಲ್ಲೂ ಕ್ಯೂ ಉದ್ಯಾನದಲ್ಲೂ ಪಳಗಿದವನು, ಬರೋಡದ ಗಾಯಕವಾಡರ ಬಳಿ ಇದ್ದು 1908ರಲ್ಲಿ ಲಾಲ್‌ಬಾಗಿಗೆ ಬಂದ. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರ ನೆಡಿಸಿದ ಜಾಣ. ಆ ಜಾಣತನಕ್ಕೆ ನಾನೂ ಟೋಪಿ ತೆಗೆಯುತ್ತೇನೆ. ನನ್ನ ತಕರಾರು ಅವನ ಮರಗಳ ಮೇಲಲ್ಲ, ಅವನ ಹೆಸರಿನಲ್ಲಿ ಹಳ್ಳಿಯವರೆಗೂ ಬಂದ ಕತ್ತರಿಯ ಮೇಲೆ.

ತಮಾಷೆ ಏನೆಂದರೆ, ಆ ಕತ್ತರಿಯ ವಿರುದ್ಧ ಇಂಗ್ಲೆಂಡಿನಲ್ಲೇ ಜಗಳ ಎದ್ದು ಆಗಲೇ ದಶಕಗಳಾಗಿದ್ದವು. ವಿಲಿಯಂ ರಾಬಿನ್‌ಸನ್ ಎಂಬ ಐರಿಷ್ ತೋಟಗಾರ 1870ರಲ್ಲಿ ‘ದ ವೈಲ್ಡ್ ಗಾರ್ಡನ್’ ಬರೆದು, ಗಾಜಿನಮನೆಯಲ್ಲಿ ಬೆಳೆಸಿದ ಸಸಿಗಳನ್ನು ಚೌಕಚೌಕವಾಗಿ ತಂದು ನೆಡುವ ಚಾಳಿಯನ್ನು ಹಿಗ್ಗಾಮುಗ್ಗಾ ಬೈದಿದ್ದ. ಗರ್ಟ್ರೂಡ್ ಜೀಕಲ್ ಸರ್ರೆಯ ಬಡವರ ಗುಡಿಸಲ ಮುಂದಿನ ಒತ್ತೊತ್ತಾದ ಹೂಗಿಡಗಳನ್ನು ನೋಡಿ ಪಾಠ ಕಲಿತಳು. ಅವರು ಅಲ್ಲಿ ಬಿಡತೊಡಗಿದ್ದನ್ನು ನಾವು ಇಲ್ಲಿ ನಾಗರಿಕತೆ ಎಂದು ಹೊತ್ತುಕೊಂಡೆವು. ಹಾಗೆಂದು ಜೀಕಲ್ ನನ್ನ ಪಕ್ಷದವಳಲ್ಲ. ಚಿತ್ರಕಲೆ ಕಲಿತ ಆಕೆಗೆ ಗಿಡವೂ ಬಣ್ಣವೇ. ಅವಳ ಕಾಡುತನವೂ ನಾಲ್ಕು ಹೆಜ್ಜೆ ದೂರ ನಿಂತು ನೋಡುವವರಿಗಾಗಿ ಮಾಡಿದ್ದು. ನಮ್ಮ ಹಿತ್ತಲನ್ನು ಯಾರೂ ದೂರದಿಂದ ನೋಡುವುದಿಲ್ಲ. ಅಲ್ಲಿ ನಿಲ್ಲಲು ಜಾಗವೇ ಇಲ್ಲ, ಕೈ ಚಾಚಿದರೆ ಏನಾದರೂ ಸಿಗುತ್ತದೆ.

ಈ ಮಾತನ್ನು ಕನ್ನಡದಲ್ಲಿ ನನಗಿಂತ ಮೊದಲೇ, ನನಗಿಂತ ಚೆನ್ನಾಗಿ ಹೇಳಿದವನೊಬ್ಬನಿದ್ದಾನೆ. ಅವನ ಹೆಸರು ಹರಿಹರ.

ಅವನ ‘ಪುಷ್ಪರಗಳೆ’ಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ: ಭಕ್ತಿಯ ಕಿರುಕೃತಿ. ನಂಬಿಯಣ್ಣ, ಬಸವರಾಜದೇವರ ರಗಳೆಗಳಿಗೆ ಪುಟಗಟ್ಟಲೆ, ಇದಕ್ಕೆ ಒಂದು ಸಾಲು. ಅದರಲ್ಲಿ ಕಥೆಯಿಲ್ಲ, ನಿಜ. ನಡೆಯುವುದಿಷ್ಟೇ: ಕವಿ ಬೆಳಗ್ಗೆ ಎದ್ದು ಹೂದೋಟಕ್ಕೆ ಹೋಗುತ್ತಾನೆ, ಹೂಗಳನ್ನು ಮಾತಾಡಿಸುತ್ತಾನೆ, ಕೊಯ್ಯುತ್ತಾನೆ, ಕಟ್ಟುತ್ತಾನೆ, ವಿರೂಪಾಕ್ಷನಿಗೆ ಏರಿಸುತ್ತಾನೆ. ಆದರೆ ಆ ಮಾತಾಡಿಸುವ ರೀತಿ ನೋಡಿ. ಮನೆಮಕ್ಕಳನ್ನು ಎಬ್ಬಿಸುವವನ ಸಲಿಗೆ, ಅಕ್ಕರೆ. ಒಂದನ್ನು ಕರೆದು ಇನ್ನೊಂದನ್ನು ಬಿಟ್ಟರೆ ಅದು ಮುನಿಸಿಕೊಂಡೀತು ಎಂಬ ಆತುರ. ಕೃತಿಯ ತುಂಬ ಹೂಗಳಿವೆ, ತೋಟದ ಒಟ್ಟು ನೋಟವೆಂಬುದು ಇಲ್ಲ. ಯಾವ ಹೂ ಯಾವುದರ ಪಕ್ಕ, ಯಾವ ಬಣ್ಣದ ಹಿಂದೆ ಯಾವ ಬಣ್ಣ ಎಂಬ ಪ್ರಶ್ನೆ ಅವನಿಗೆ ಬರುವುದೇ ಇಲ್ಲ, ಏಕೆಂದರೆ ಅವನು ನೋಡಲು ಬಂದವನಲ್ಲ. ಅವನ ಕೈಯಲ್ಲಿ ಬುಟ್ಟಿ ಇದೆ. ಹೂವಿನ ಸೊಗಸು ಗಿಡದಲ್ಲಿಯೇ ಮುಗಿದುಹೋಗುವುದಿಲ್ಲ, ಅದು ಯಾರಿಗೋ ಸಲ್ಲಬೇಕು. ಕನ್ನಡದಲ್ಲಿ ಉದ್ಯಾನದ ಬಗ್ಗೆ ಇದಕ್ಕಿಂತ ದೊಡ್ಡ ತತ್ವವನ್ನು ನಾನು ಓದಿಲ್ಲ.

ಹರಿಹರನಿಗೆ ಅಚ್ಚುಕಟ್ಟು ಗೊತ್ತಿರಲಿಲ್ಲವೆಂದು ಯಾರೂ ಅನ್ನುವಂತಿಲ್ಲ. ಪರಂಪರೆಯ ಮಾತಿನಂತೆ ಅವನು ದೋರಸಮುದ್ರದ ಹೊಯ್ಸಳ ಆಸ್ಥಾನದಲ್ಲಿ ಕರಣಿಕನಾಗಿದ್ದವನು, ಲೆಕ್ಕದ ಕಡತ ಬಿಸುಟು ಹಂಪೆಗೆ ಬಂದವನು. ರಗಳೆಯ ಕವಿ ಎಂದು ಪಂಡಿತರು ಆಡಿಕೊಂಡದ್ದಕ್ಕೆ ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ಬರೆದು ಬಾಯಿ ಮುಚ್ಚಿಸಿದನೆಂದು ಐತಿಹ್ಯ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಚಂಪುವಿನಲ್ಲಿ ಹದಿನೆಂಟು ವರ್ಣನೆಗಳ ಸಂಪ್ರದಾಯ ಹೇಳಿದಂತೆ ವಸಂತ ಬರಬೇಕಾದಲ್ಲಿ ವಸಂತ, ವನ ಬರಬೇಕಾದಲ್ಲಿ ವನ. ಒಳ್ಳೆಯ ಕಾವ್ಯ, ನಾನು ಅಲ್ಲಗಳೆಯುವುದಿಲ್ಲ. ಆದರೂ ಅದರ ವಸಂತದಲ್ಲಿ ನಾನೊಬ್ಬ ಅತಿಥಿ. ರಗಳೆಯಲ್ಲಿ ಪಾದಗಳಿಗೆ ಇಷ್ಟೇ ಎಂಬ ಲೆಕ್ಕವಿಲ್ಲ, ಉಸಿರಿರುವಷ್ಟು ಹೊತ್ತು ಹೋಗಬಹುದು. ಹರಿಹರ ಹೋಗುತ್ತಾನೆ. ಹೇಳಿದ್ದನ್ನೇ ಹೇಳುತ್ತಾನೆ, ಹಿಗ್ಗುತ್ತಾನೆ, ತಡವರಿಸುತ್ತಾನೆ. ‘ಅತಿ’ ಎಂದು ವಿಮರ್ಶಕರು ಗುರುತು ಹಾಕಿದ ಕಡೆಯಲ್ಲೆಲ್ಲ ನನಗೆ ಮಲ್ಲಿಗೆ ನುಗ್ಗೆ ಮರ ಹತ್ತಿದ್ದೇ ಕಾಣುತ್ತದೆ. ಪಕ್ಷಪಾತ ಎನ್ನಿ, ಬೇಸರವಿಲ್ಲ.

ಇನ್ನೊಂದು ಮಾತು. ನಮ್ಮ ಸಭೆಗಳಲ್ಲಿ ಹಡಗಲಿಯ ಹೂವಿನ ಪ್ರಸ್ತಾಪ ಬಂದರೆ ಸಾಕು, ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂ ಹಂಪೆಗೆ ಹೋಗುತ್ತಿತ್ತೆಂಬ ಕಥೆ ಬರುತ್ತದೆ. ಚೆಂದದ ಕಥೆ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಕೂಡ ವಿಜಯನಗರದವರಿಗೆ ಗುಲಾಬಿ ಅನ್ನದಷ್ಟೇ ಅಗತ್ಯವೆಂದು ಬೆರಗಾಗಿ ಬರೆದಿದ್ದಾನೆ. ಆದರೆ ಹೂವಿಗೆ ಅರಸರ ಆಶ್ರಯ ಬೇಕಾಗಿರಲಿಲ್ಲ. ಹರಿಹರ ಬುಟ್ಟಿ ಹಿಡಿದು ತೋಟಕ್ಕೆ ಇಳಿದಾಗ ವಿಜಯನಗರವೇ ಹುಟ್ಟಿರಲಿಲ್ಲ. 1336ಕ್ಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ಇವತ್ತು ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯೆಂದರೆ ತೀರ್ಪುಗಾರರು ಹೆಸರಿಸಿದ ಆ ಐದು ತಾಲ್ಲೂಕುಗಳೇ. ಹಂಪೆಯ ಜಿಲ್ಲೆಯವರಿಗೆ ಹೂವಿನ ರುಚಿ ಇಲ್ಲವೆನ್ನುವವರು ಒಂದೋ ಹರಿಹರನನ್ನು ಓದಿಲ್ಲ, ಇಲ್ಲವೇ ಅವನನ್ನು ಗುಡಿಯೊಳಗೇ ಕೂಡಿಹಾಕಿದ್ದಾರೆ.

ಈ ಜಗಳ ಹಿತ್ತಲಿಗೆ ನಿಲ್ಲುವುದಿಲ್ಲ. ನವ್ಯದ ಕಾಲದಿಂದ ಕನ್ನಡ ವಿಮರ್ಶೆಗೆ ಬಿಗಿ, ಅಡಕ, ಸಂಯಮಗಳೇ ದೇವರಾದವು. ಒಂದು ಪದ ಹೆಚ್ಚಾದರೆ ಪಾಪ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಹೊಗಳುವವರು ಕೊನೆಗೊಂದು ‘ಆದರೆ’ ಸೇರಿಸದೆ ಬಿಡಲಿಲ್ಲ: ಸ್ವಲ್ಪ ಕತ್ತರಿ ಆಡಿಸಬೇಕಿತ್ತು. ಎಲ್ಲಿ ಆಡಿಸುವುದು? ಪೂರ್ಣವಿರಾಮಕ್ಕೂ ಪುರುಸೊತ್ತಿಲ್ಲದೆ ಹರಿಯುವ ಆ ಆಡುಮಾತು, ಕಥೆಯ ಹೆಗಲೇರಿದ ಉಪಕಥೆ, ಕರೆಯದೆ ಬಂದು ಹೋಗುವ ನೂರಾರು ಪಾತ್ರಗಳು, ಇವನ್ನೆಲ್ಲ ಸವರಿ ಉಳಿಸುವ ಕಾದಂಬರಿ ಯಾರಿಗೆ ಬೇಕು? ಅಚ್ಚುಕಟ್ಟು ಬರೆಯುವವರು ಬೇಕಾದಷ್ಟಿದ್ದಾರೆ. ಬೋಳು ಬಯಲಿನವರಿಗೆ ಮಾತು ಮಾತ್ರ ಸೊಂಪಾಗಿ ಬೆಳೆಯಿತು, ಅದನ್ನೂ ಬೋಳಿಸಿ ಎಂದರೆ ಹೇಗೆ?

ಹಿತ್ತಲಿನ ವಿರುದ್ಧ ಹೇಳುವ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಹಾವು ಬರುತ್ತದೆ. ನೀರು ನಿಂತರೆ ಸೊಳ್ಳೆ ಬರುತ್ತದೆ, ಡೆಂಗಿ ಬರುತ್ತದೆ. ನೀರು ನಿಲ್ಲಬಾರದು, ಹರಿಯಬೇಕು. ತಿಳಿದವರ ಹಿತ್ತಲಲ್ಲಿ ಅದು ನಿಲ್ಲುವುದೂ ಇಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇದೆ, ಅದನ್ನು ತೀರ್ಪುಗಾರರು ಎತ್ತುವುದಿಲ್ಲ. ಈ ಪರಂಪರೆ ಎಲ್ಲರದ್ದಾಗಿರಲಿಲ್ಲ. ಮನೆಯ ಹಿಂದೆ ನಾಲ್ಕು ಗೇಣು ಜಾಗವೂ ಇಲ್ಲದ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿತ್ತು. ಅಲ್ಲಿನ ಹೆಂಗಸರು ಹೂವಿಗೆ ಇನ್ನೊಬ್ಬರ ಬೇಲಿಯ ಹೊರಗೆ ನಿಂತು ಕೇಳಬೇಕಿತ್ತು. ನನ್ನ ವಾದಕ್ಕೆ ಇದು ತೊಡಕೇ. ಹಿತ್ತಲಿನಲ್ಲಿ ದುಡಿದವರೂ ಬಹುಪಾಲು ಹೆಂಗಸರೇ. ಅವರನ್ನು ಯಾವ ಗ್ರಂಥವೂ ತೋಟಗಾರರೆಂದು ಕರೆಯಲಿಲ್ಲ.

ಈಗ ಹೊಸ ಬಡಾವಣೆಗಳಲ್ಲಿ ಇದಕ್ಕೆಲ್ಲ ಪರಿಹಾರ ಸಿಕ್ಕಿದೆ: ಹಿತ್ತಲೇ ಇಲ್ಲ. ನಿವೇಶನದ ಅಂಚಿನವರೆಗೂ ಮನೆ, ಉಳಿದ ನಾಲ್ಕು ಅಡಿಗೆ ಟೈಲ್ಸು, ಗೇಟಿನ ಎರಡೂ ಕಡೆ ಬಣ್ಣದ ಕುಂಡ, ಕುಂಡದಲ್ಲಿ ನರ್ಸರಿಯವರು ಕೊಟ್ಟ ಹೆಸರು ತಿಳಿಯದ ಗಿಡ. ಬಚ್ಚಲ ನೀರು ನೇರ ಚರಂಡಿಗೆ. ಬಹುಮಾನ ಬರುವುದು ಇಂಥ ಮನೆಗಳಿಗೆ.

ಹಾಗಾದರೆ ಹಿತ್ತಲುಗಳನ್ನೂ ಸ್ಪರ್ಧೆಗೆ ಸೇರಿಸಿ ಎಂದು ನಾನು ಅರ್ಜಿ ಹಾಕುವುದಿಲ್ಲ. ಸೇರಿಸಿದ ಮರುವರ್ಷವೇ ಬಿಂದಿಗೆಗಳಿಗೆ ಬಣ್ಣ ಬಳಿದಿರುತ್ತಾರೆ. ನನ್ನ ಕೋರಿಕೆ ಸಣ್ಣದು, ಮನೆ ಕಟ್ಟಿಸುವವರಿಗೆ. ಕಾಂಕ್ರೀಟು ಸುರಿಸುವ ಮುನ್ನ ಬಚ್ಚಲ ಹಿಂದಿನ ಒಂದು ಮೂಲೆಯನ್ನು ಮಣ್ಣಾಗಿಯೇ ಬಿಡಿ, ಸ್ನಾನದ ನೀರಿನ ಪೈಪನ್ನು ಅತ್ತ ತಿರುಗಿಸಲು ಮೇಸ್ತ್ರಿಗೆ ಹೇಳಿ. ತೀರ್ಪು ಕೊಡುವವರಿಗೂ ಒಂದು ಮಾತು: ‘ಪುಷ್ಪರಗಳೆ’ ದೊಡ್ಡ ಪುಸ್ತಕವೇನಲ್ಲ, ಒಂದು ಬೆಳಗಿನಲ್ಲಿ ಓದಿ ಮುಗಿಸಬಹುದು. ಅದನ್ನು ಓದಿಕೊಂಡು ನಮ್ಮ ಕಡೆ ಬನ್ನಿ.